ಊರ ವ್ಯಾನಿಗೆ ನಾನು ಹಾಕಿದ ಮಾರಾಟ ತೆರಿಗೆ

ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಳ್ಳಲು ತವರಿಗೆ ಹೋದವಳು ಊರಿಗೆಲ್ಲ ತೆರಿಗೆ ಹಾಕಿ ಬಂದೆ. ನನ್ನ ಗಂಡ ಇವತ್ತಿಗೂ ಅದನ್ನು ನೆಂಟರ ಮುಂದೆ ಹೇಳಿಕೊಂಡು ನಗುತ್ತಾರೆ. ಈಗ ನಾನೂ ನಗುತ್ತೇನೆ. ಆ ವರ್ಷದ ದೀಪಾವಳಿವರೆಗೆ ಮಾತ್ರ ನಗು ಬರುವ ಸ್ಥಿತಿಯಲ್ಲಿ ನಾನಿರಲಿಲ್ಲ.

ತವರೂರು ಕಿರುಗಾವಲಿನಿಂದ ಸ್ವಲ್ಪ ಒಳಗಿದೆ. ನಾನಿರುವುದು ಮಂಡ್ಯದಲ್ಲಿ. ತೆರಿಗೆ ಲೆಕ್ಕ ಬರೆದು ಸಲ್ಲಿಸುವ ಒಂದು ಸಣ್ಣ ಕಚೇರಿ ಇಟ್ಟುಕೊಂಡಿದ್ದೇನೆ. ಅಂಗಡಿಯವರ ಜಿಎಸ್‌ಟಿ, ಸಂಬಳದವರ ಆದಾಯ ತೆರಿಗೆ, ಎರಡೂ ನನ್ನ ಮೇಜಿನ ಮೇಲೇ ಬೀಳುತ್ತವೆ. ಇಬ್ಬರು ಸೊಸೆಯರಿರುವ ಅತ್ತೆಗೆ ಒಬ್ಬಳ ಮೇಲೆ ಯಾವಾಗಲೂ ಸಿಟ್ಟಿರುವಂತೆ ನನಗೆ ಆದಾಯ ತೆರಿಗೆಯ ಮೇಲೆ ಸಿಟ್ಟು. ಸಂಬಳದವನು ಒಂದು ರೂಪಾಯಿಯನ್ನೂ ಬಚ್ಚಿಡಲಾರ, ವ್ಯಾಪಾರಿ ಕಂಡಷ್ಟನ್ನು ಮಾತ್ರ ತೋರಿಸುತ್ತಾನೆ, ಬೇಸಾಯದ ಆದಾಯಕ್ಕಂತೂ ತೆರಿಗೆಯೇ ಇಲ್ಲ. ಇಂಥದ್ದನ್ನು ಇಟ್ಟುಕೊಂಡು ಸರ್ಕಾರ ಏನು ಮಾಡುತ್ತದೆ? ತೆಗೆದುಹಾಕಲಿ, ಮಾರಾಟದ ಮೇಲಿನ ತೆರಿಗೆಯೊಂದನ್ನೇ ಇಟ್ಟುಕೊಳ್ಳಲಿ. ಕೊಂಡವನು ಕೊಡುತ್ತಾನೆ, ಹೆಚ್ಚು ಕೊಂಡವನು ಹೆಚ್ಚು ಕೊಡುತ್ತಾನೆ, ಯಾರ ಮನೆಯ ಒಳಗೂ ಇಣುಕಬೇಕಾಗಿಲ್ಲ. ಇದು ನನ್ನ ವಾದ. ಕಚೇರಿಯ ಪಕ್ಕದ ಟೀ ಅಂಗಡಿಯಲ್ಲಿ ಇದನ್ನು ಎಷ್ಟು ಸಲ ಹೇಳಿದ್ದೆನೆಂದರೆ, ಮದ್ದೂರಿನ ಎಳನೀರು ವ್ಯಾಪಾರಿಯೊಬ್ಬರು ನಾನು ಬಾಯಿ ತೆರೆಯುವ ಮೊದಲೇ ಗ್ಲಾಸು ಕೆಳಗಿಟ್ಟು ಎದ್ದು ಹೋಗುತ್ತಿದ್ದರು.

ಊರಲ್ಲಿ ಒಂದು ವ್ಯಾನು ಇದೆ. ಊರವರೇ ಸೇರಿ ಕೊಂಡ ಹಳೆಯ ಗಾಡಿ. ಹೆರಿಗೆಗೆ, ಹಾವು ಕಚ್ಚಿದರೆ, ಬಿದ್ದು ಕೈಕಾಲು ಮುರಿದುಕೊಂಡರೆ ಅದೇ ಓಡುತ್ತದೆ. ಇದಲ್ಲದೆ ವಾರಕ್ಕೆರಡು ಸಲ ಅಂಗಡಿ ಅಕ್ಕನನ್ನು ಮಂಡ್ಯಕ್ಕೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಿ ಬರುತ್ತದೆ. ಅಕ್ಕ ನನಗಿಂತ ಸ್ವಲ್ಪ ದೊಡ್ಡವಳು, ಒಂದೇ ಶಾಲೆಯಲ್ಲಿ ಓದಿದವರು ನಾವು. ಗಂಡ ಸತ್ತ ಮೇಲೆ ಅತ್ತೆಯನ್ನು ಜೊತೆಗಿಟ್ಟುಕೊಂಡು ಊರ ನಡುವೆ ದಿನಸಿ ಅಂಗಡಿ ನಡೆಸುತ್ತಿದ್ದಾಳೆ. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಅವಳಿಗೆ ಸರದಿ ಸಿಕ್ಕಿದ್ದು ಮಂಡ್ಯದಲ್ಲಿ. ಹೋಗುವಾಗ ಬಸ್ಸಿನಲ್ಲೂ ಹೋಗಬಹುದು. ಬರುವಾಗ ರಕ್ತದೊತ್ತಡ ಇಳಿದಿರುತ್ತದೆ, ನಿಂತರೆ ಕಣ್ಣು ಕತ್ತಲೆ. ಎರಡು ಬಸ್ಸು ಬದಲಾಯಿಸಿ ಬರುವುದು ಆಗದ ಮಾತು.

ವ್ಯಾನಿನ ಖರ್ಚಿಗೆ ಊರು ವಂತಿಗೆ ಎತ್ತುತ್ತಿತ್ತು. ಎಕರೆಗೆ ಇಷ್ಟು ಎಂದು, ಸುಗ್ಗಿ ಮುಗಿದ ಮೇಲೆ. ಆ ಪದ್ಧತಿ ಕೆಟ್ಟು ನಿಂತಿತ್ತು. ಕೇಳಲು ಹೋದರೆ ಒಬ್ಬ, ಜಮೀನಿನ ಪಹಣಿ ಇನ್ನೂ ತಾತನ ಹೆಸರಲ್ಲಿದೆ, ತಾತನನ್ನೇ ಕೇಳಿ ಎನ್ನುತ್ತಿದ್ದನಂತೆ. ತಾತ ಸತ್ತು ಯಾವ ಕಾಲವಾಗಿತ್ತೋ. ಗುತ್ತಿಗೆಗೆ ಮಾಡುವವನು ಜಮೀನಿನವನ ಕಡೆ ಕೈ ತೋರಿಸುತ್ತಿದ್ದ, ಜಮೀನಿನವನು ಗುತ್ತಿಗೆಯವನ ಕಡೆ. ಭೂಮಿ ಇಲ್ಲದ ಸಂಬಳದವರು ಮಾತ್ರ ಆರಾಮಾಗಿದ್ದಾರೆ ಎಂದು ಬೇಸಾಯಗಾರರಿಗೆ ಹೊಟ್ಟೆಯುರಿ. ಇದರ ನಡುವೆ ವ್ಯಾನಿನ ವಿಮೆ ದೀಪಾವಳಿಗೆ ಮುಗಿಯುವುದಿತ್ತು, ಯೋಗ್ಯತಾಪತ್ರವನ್ನೂ ಅದರ ಜೊತೆಗೇ ಹೊಸದು ಮಾಡಿಸಬೇಕಿತ್ತು. ಅದಿಲ್ಲದಿದ್ದರೆ ಗಾಡಿ ರಸ್ತೆಗಿಳಿಯುವ ಹಾಗಿಲ್ಲ.

ಹಬ್ಬದ ದಿನ ಮಧ್ಯಾಹ್ನ ನಮ್ಮ ಜಗಲಿಗೆ ದೊಡ್ಡಪ್ಪ ಬಂದರು. ಸ್ವಂತ ದೊಡ್ಡಪ್ಪನಲ್ಲ, ಊರಿನ ಸಂಬಂಧದಲ್ಲಿ. ವ್ಯಾನಿನ ಉಸ್ತುವಾರಿ ಅವರದೇ. ಗದ್ದೆ, ಕಬ್ಬು ಎಲ್ಲ ಇರುವ ದೊಡ್ಡ ಒಕ್ಕಲು. ಜೊತೆಗೆ ಮೇಷ್ಟ್ರು ಇದ್ದರು. ಕೆಳಗಿನ ಕೇರಿಯವರು, ಮದ್ದೂರು ಕಡೆಯ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಾರೆ. ಇಬ್ಬರೂ ಜಗಳವಾಡಿಕೊಂಡೇ ಬಂದಿದ್ದರು. ಸಂಬಳ ಕೈಗೆ ಬರುವ ಮೊದಲೇ ಸರ್ಕಾರ ಹಿಡಿದುಕೊಳ್ಳುತ್ತದೆ, ಸೋಪು ಕೊಂಡರೂ ತೆರಿಗೆ, ಈಗ ಊರಿನದೂ ಕೊಡಲೇ ಎಂದು ಮೇಷ್ಟ್ರ ವಾದ. ಮೇಷ್ಟ್ರ ತಾಯಿಗೆ ಎದೆನೋವು ಬಂದಾಗ ಓಡಿದ್ದು ಇದೇ ಗಾಡಿ ಎಂದು ದೊಡ್ಡಪ್ಪನ ವಾದ. ಕೊನೆಗೆ ದೊಡ್ಡಪ್ಪ ನನ್ನ ಕಡೆ ತಿರುಗಿದರು.

"ಊರ ಎಣ್ಮಗಳಿಗೆ ವಂತಿಗೆ ಇಲ್ಲ. ನೀನು ಕೊಡಂಗಿಲ್ಲ, ತಕ್ಕಳಂಗಿಲ್ಲ. ನೀನೇ ಒಂದು ದಾರಿ ಯೋಳು ಕಣವ್ವ."

ನಮ್ಮ ಕಡೆ ಕೊಟ್ಟ ಹೆಣ್ಣಿನಿಂದ ಊರ ವಂತಿಗೆ ಎತ್ತುವುದಿಲ್ಲ, ಬಾಗಿನ ಕೊಟ್ಟು ಕಳಿಸುತ್ತಾರೆ, ಅಷ್ಟೆ. ಹಾಗಾಗಿ ನಾನು ಯಾರ ಪಕ್ಷವೂ ಅಲ್ಲ. ಇನ್ನೇನು ಬೇಕು? ವರ್ಷಗಟ್ಟಲೆ ಟೀ ಅಂಗಡಿಯಲ್ಲಿ ವ್ಯರ್ಥವಾಗಿದ್ದ ವಾದಕ್ಕೆ ಒಂದು ಊರೇ ಸಿಕ್ಕಿತು. ಎಕರೆ ಲೆಕ್ಕ ಬಿಟ್ಟುಬಿಡಿ, ಊರೊಳಗೆ ಮಾರುವ ಪ್ರತಿಯೊಂದರ ಮೇಲೂ ಒಂದಿಷ್ಟು ಹಾಕಿ ಎಂದೆ. ಗೌಡನೂ ಕೊಳ್ಳುತ್ತಾನೆ, ಮೇಷ್ಟ್ರೂ ಕೊಳ್ಳುತ್ತಾರೆ, ಕೂಲಿಯವನೂ ಕೊಳ್ಳುತ್ತಾನೆ, ಎಲ್ಲರಿಗೂ ಒಂದೇ. ಮೇಷ್ಟ್ರು ಸ್ವಲ್ಪ ಯೋಚಿಸಿ, ಒಳಗಿಣುಕುವ ಗೋಜಿಲ್ಲವಲ್ಲ ಎಂದು ಒಪ್ಪಿದರು. ದೊಡ್ಡಪ್ಪ ಅವರಿಗಿಂತ ಬೇಗ ಒಪ್ಪಿದರು. ಅವರು ಅಷ್ಟು ಬೇಗ ಒಪ್ಪಿದ್ದೇಕೆ ಎಂದು ನಾನು ಆಗ ಕೇಳಿಕೊಳ್ಳಲಿಲ್ಲ.

ಕೆಲಸ ಶುರುವಾಯಿತು. ಊರಿನಲ್ಲಿದ್ದದ್ದು ಎರಡು ದಿನಸಿ ಅಂಗಡಿ, ಒಂದು ಕೋಳಿ ಅಂಗಡಿ, ಹಿಟ್ಟಿನ ಗಿರಣಿ, ಕಾಫಿ ತಿಂಡಿಯ ಒಂದು ಹೋಟೆಲು. ಎಲ್ಲ ಕಡೆ ಬೀಗ ಹಾಕಿದ ಒಂದೊಂದು ಡಬ್ಬ ಇಟ್ಟೆವು. ಐವತ್ತು ರೂಪಾಯಿ ವ್ಯಾಪಾರಕ್ಕೆ ಒಂದು ರೂಪಾಯಿ ಡಬ್ಬಕ್ಕೆ. ಐವತ್ತರ ಒಳಗೆ ಕೊಂಡವರಿಗೆ ಏನೂ ಇಲ್ಲ, ಬಡವರಿಗೆ ಹೊರೆಯಾಗಬಾರದು ಎಂದು ಆ ಮಿತಿ. ಭಾನುವಾರ ನಾನು ಬಸ್ಸಿಗೆ ಬರುವುದು, ಮೇಷ್ಟ್ರು ಮತ್ತು ದೊಡ್ಡಪ್ಪನ ಎದುರಿಗೆ ಡಬ್ಬ ತೆಗೆಯುವುದು. ನಿಯಮಗಳನ್ನು ಅಂದವಾಗಿ ಟೈಪು ಮಾಡಿ ಅಂಗಡಿಗಳಿಗೆ ಅಂಟಿಸಿದ್ದೆ. ದೊಡ್ಡ ಸಾಹೇಬರ ಗತ್ತು ನನ್ನದು.

ಮೊದಲ ಭಾನುವಾರ ಡಬ್ಬಗಳು ಅಲ್ಲಾಡಿಸಿದರೆ ಗಿಲಕಿಯಂತೆ ಸದ್ದು ಮಾಡಿದವು. ವಿಚಾರಿಸಿದರೆ, ಊರಿನಲ್ಲಿ ಐವತ್ತು ರೂಪಾಯಿ ವ್ಯಾಪಾರವೇ ನಿಂತುಹೋಗಿತ್ತು. ಬೆಳಿಗ್ಗೆ ಬಂದು ಸಕ್ಕರೆ, ಹೋಗಿ ಮತ್ತೆ ಬಂದು ಬೇಳೆ, ಸಂಜೆ ಬಂದು ಎಣ್ಣೆ. ಕೋಳಿ ಅಂಗಡಿಯಲ್ಲಿ ಒಬ್ಬ ಮಹರಾಯ ಅರ್ಧ ಕೇಜಿ ಕೋಳಿಯನ್ನು ನಾಲ್ಕು ಪೊಟ್ಟಣ ಮಾಡಿಸಿ ಅಣ್ಣತಮ್ಮಂದಿರ ಹೆಸರಲ್ಲಿ ಬೇರೆ ಬೇರೆ ಕೊಂಡಿದ್ದ. ನನಗೆ ಸಿಟ್ಟು ಬರುವ ಬದಲು ನಾಚಿಕೆಯಾಯಿತು. ಮಿತಿ ದಾಟಬಾರದೆಂದು ಒಂದೇ ವ್ಯಾಪಾರವನ್ನು ಹೆಂಡತಿ ಹೆಸರಿಗೊಂದು, ಮಗನ ಹೆಸರಿಗೊಂದು ಒಡೆದುಕೊಂಡು ಬರುವ ಕಕ್ಷಿದಾರರನ್ನು ದಿನಾ ನೋಡುವವಳು ನಾನು. ನಾವು ಚಾಪೆ ಕೆಳಗೆ ತೂರಿದರೆ ಜನ ರಂಗೋಲಿ ಕೆಳಗೆ ತೂರುತ್ತಾರೆ ಎಂಬುದು ನನಗೇ ಹೊಳೆಯದೆ ಹೋಯಿತಲ್ಲ.

ಮಿತಿ ತೆಗೆದೆ. ಎಷ್ಟೇ ಕೊಂಡರೂ ತೆರಿಗೆ. ಆಗ ಚಿಲ್ಲರೆಯ ತೊಂದರೆ ಎದ್ದಿತು. ಹತ್ತು ರೂಪಾಯಿ ಶಾಂಪೂ ಪೊಟ್ಟಣಕ್ಕೆ ಇಪ್ಪತ್ತು ಪೈಸೆಯನ್ನು ಯಾರು ಎಲ್ಲಿಂದ ತರುತ್ತಾರೆ? ಅಂಗಡಿಯವರು ತಾವೇ ಒಂದು ತೀರ್ಮಾನಕ್ಕೆ ಬಂದು, ಸಣ್ಣದಕ್ಕೂ ಒಂದು ರೂಪಾಯಿ ಎಂದರು. ಇದರಿಂದ ಡಬ್ಬ ತುಂಬತೊಡಗಿದ್ದು ನಿಜ. ನಾನೂ ಹಿಗ್ಗಿದೆ. ಆದರೆ ಸಂಜೆ ಕೂಲಿ ಕೈಗೆ ಬಂದ ಮೇಲೆ ಆ ಹೊತ್ತಿಗೆ ಬೇಕಾದಷ್ಟನ್ನೇ ಕೊಳ್ಳುವವರಿಗೆ ಕಾಲು ಕೇಜಿ ಈರುಳ್ಳಿಗೂ ಒಂದು, ಎಣ್ಣೆಗೂ ಒಂದು, ಮಗುವಿನ ಬಿಸ್ಕತ್ತಿಗೂ ಒಂದು. ತಿಂಗಳ ಸಾಮಾನನ್ನು ಒಟ್ಟಿಗೆ ಹಾಕಿಸಿಕೊಂಡು ಹೋಗುವವರು ಮಳವಳ್ಳಿಗೋ ಮಂಡ್ಯಕ್ಕೋ ಹೋಗಿ ತರುತ್ತಿದ್ದರು, ಅವರ ರೂಪಾಯಿ ಊರ ಡಬ್ಬಕ್ಕೆ ಬೀಳುತ್ತಲೇ ಇರಲಿಲ್ಲ. ಬೈಕು ಇದ್ದವರು ಕಿರುಗಾವಲಿಗೆ ಹೋಗಿ ಬರುವುದೂ ಶುರುವಾಯಿತು. ಒಂದು ರೂಪಾಯಿ ಉಳಿಸಲು ಪೆಟ್ರೋಲು ಸುಟ್ಟುಕೊಂಡು ಹೋಗುತ್ತೀರಲ್ಲ ಎಂದು ಒಬ್ಬನನ್ನು ಕೇಳಿದೆ. ಪೆಟ್ರೋಲು ಹೋದರೆ ಹೋಗಲಿ, ಅಂಗಡಿಯಲ್ಲಿ ನಿಂತು ತೆರಿಗೆ ಕಟ್ಟಿದೆ ಅನ್ನಿಸಿಕೊಳ್ಳಬಾರದು ಎಂದ. ಮಂಡ್ಯ ಸೀಮೆಯ ಹಟ, ಅದಕ್ಕೆ ಔಷಧಿ ಇಲ್ಲ.

ಅಷ್ಟರಲ್ಲಿ ಪಿತೃಪಕ್ಷ ಬಂತು. ದೊಡ್ಡಪ್ಪನ ಮನೆಯ ಪಕ್ಷದ ಊಟಕ್ಕೆ ನನ್ನನ್ನೂ ಕರೆದಿದ್ದರು. ಬಾಳೆ ಎಲೆ ತುಂಬ ಬಡಿಸಿದರು. ಮುದ್ದೆ, ನಾಟಿ ಕೋಳಿ ಸಾರು, ಸಣ್ಣಕ್ಕಿ ಅನ್ನ, ಮೇಲೆ ತುಪ್ಪ, ಕಾಯಿಹಾಲಿನ ಪಾಯಸ. ತುಂಬ ರುಚಿಯಾಗಿತ್ತು, ನಾನು ದೊಡ್ಡಮ್ಮನಿಗೆ ಹಾಗೇ ಹೇಳಿದೆ. ಎಲ್ಲಾ ಮನೇದೇ ಕಣವ್ವ ಎಂದು ದೊಡ್ಡಮ್ಮ ಸಂತೋಷದಿಂದ ಒಂದೊಂದಾಗಿ ತೋರಿಸಿದರು. ರಾಗಿ ಹೊಲದ್ದು, ಅಕ್ಕಿ ಗದ್ದೆಯದ್ದು, ಕೋಳಿ ಹಿತ್ತಲಿನದ್ದು, ತುಪ್ಪ ಕೊಟ್ಟಿಗೆಯ ಎಮ್ಮೆಯದ್ದು, ತೆಂಗಿನಕಾಯಿ ತೋಟದ್ದು, ಬೆಲ್ಲ ತಮ್ಮದೇ ಕಬ್ಬು ಆಡಿಸಿದ್ದು, ಮೆಣಸಿನಕಾಯಿ ಕೊತ್ತಂಬರಿಯೂ ಬದುವಿನಲ್ಲಿ ಹಾಕಿದ್ದು.

"ಉಪ್ಪು ಒಂದು ಬುಟ್ರೆ ಅಂಗಡಿ ಕಡೆ ತಲೆ ಆಕಿ ಮನಗಾಕಿಲ್ಲ ನಾವು," ಎಂದರು.

ನಾನು ಎಲೆಯನ್ನು ಇನ್ನೊಮ್ಮೆ ನೋಡಿದೆ. ಎಲೆಯ ಮೇಲೆ ನನ್ನ ತೆರಿಗೆ ಬೀಳುವ ಪದಾರ್ಥ ಉಪ್ಪು ಮಾತ್ರ. ಊರಿನ ಅತಿ ದೊಡ್ಡ ಒಕ್ಕಲು ವ್ಯಾನಿಗೆ ಕೊಡುತ್ತಿರುವುದು ಉಪ್ಪಿನ ಮೇಲಿನ ರೂಪಾಯಿ. ಮಂಡ್ಯದಲ್ಲಿ ಕರಿಬೇವನ್ನೂ ಕಾಸು ಕೊಟ್ಟು ತಂದು ತಂದು, ಬೆಳೆದು ತಿನ್ನುವವರು ಕೊಂಡು ತಿನ್ನುವವರಲ್ಲ ಎಂಬುದೇ ನನಗೆ ಮರೆತುಹೋಗಿತ್ತು. ಹುಟ್ಟಿದ್ದು ಇದೇ ಊರಿನಲ್ಲಿ, ಬೆಳೆದದ್ದು ಇಂಥದೇ ಊಟ ಉಂಡು. ಮಾರಾಟ ತೆರಿಗೆ ಎಲ್ಲರ ಮೇಲೂ ಸಮನಾಗಿ ಬೀಳುತ್ತದೆ ಎಂದಿದ್ದೆ. ಅದು ಬೀಳುವುದು ಕೊಳ್ಳುವವರ ಮೇಲೆ. ನಮ್ಮ ಊರಿನಲ್ಲಿ ಎಲ್ಲವನ್ನೂ ಕೊಳ್ಳಬೇಕಾದವರು ಭೂಮಿ ಇಲ್ಲದವರು.

ಊಟ ಮುಗಿಸಿ ಸೀದಾ ಅಂಗಡಿ ಅಕ್ಕನ ಹತ್ತಿರ ಹೋದೆ. ಅವಳ ಅಂಗಡಿಯ ಡಬ್ಬ ಪ್ರತಿ ಭಾನುವಾರ ಎಲ್ಲಕ್ಕಿಂತ ಹೆಚ್ಚು ತುಂಬಿರುತ್ತಿತ್ತು, ಅದನ್ನೇ ನಾನು ಉಳಿದವರಿಗೆ ತೋರಿಸಿ ಹೊಗಳುತ್ತಿದ್ದೆ. ಆವತ್ತು ಮೊದಲ ಸಲ ಡಬ್ಬ ಬಿಟ್ಟು ಅಂಗಡಿ ನೋಡಿದೆ. ಬೇಳೆಯ ಡಬ್ಬಿಗಳು ತಳ ಕಾಣುತ್ತಿದ್ದವು. ಸೋಪಿನ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು. ಹೊಸ ಸಾಮಾನು ಹಾಕಿಸಿ ಎಷ್ಟು ದಿನವಾಗಿತ್ತೋ. ವ್ಯಾಪಾರ ಇಲ್ಲದ ಅಂಗಡಿಯಲ್ಲಿ ತೆರಿಗೆ ಮಾತ್ರ ಹೇಗೆ ತುಂಬುತ್ತದೆ ಎಂದು ಕೇಳಿದೆ. ಅಕ್ಕ ಮೊದಲು ಮಾತು ಮರೆಸಿ ಕಾಫಿ ಕುಡಿಯುತ್ತೀಯಾ ಎಂದಳು. ನಾನು ಬಿಡಲಿಲ್ಲ.

"ನಾನು ಅತ್ಕೊಂಡು ಓಗೋ ಗಾಡಿ ಅದು," ಎಂದಳು. "ಅದುಕ್ಕೆ ನಾನೇ ಕೈಯೊಡ್ಡಿ ಎಂಗೆ ಕ್ಯೋಳ್ಲಿ ಕಣಮ್ಮ? ಕೊಟ್ಟೋರು ಕೊಡ್ತಾರೆ. ಕೊಡದಿದ್ದೋರ್ದು ನಾನೇ ಆಕ್ಬುಡ್ತೀನಿ."

ಗಿರಾಕಿಗಳ ತೆರಿಗೆಯನ್ನು ಕಾಯಿಲೆಯವಳು ತನ್ನ ಬಂಡವಾಳದಿಂದ ಕಟ್ಟುತ್ತಿದ್ದಳು. ಅದನ್ನು ನಾನು ಭಾನುವಾರ ಭಾನುವಾರ ಬಂದು ಬೀಗ ತೆಗೆದು ಎಣಿಸಿಕೊಂಡು ಹೋಗುತ್ತಿದ್ದೆ. ನನಗೆ ಅವಳ ಮುಖ ನೋಡಲಾಗಲಿಲ್ಲ. ಡಬ್ಬವನ್ನು ಎತ್ತಿ ಸೆರಗಿನಲ್ಲಿ ಸುತ್ತಿಕೊಂಡು ಅಲ್ಲಿಂದ ಎದ್ದೆ. ಉಳಿದ ನಾಲ್ಕು ಡಬ್ಬಗಳನ್ನೂ ಅದೇ ಸಂಜೆ ಎತ್ತಿಸಿದೆ.

ದೊಡ್ಡಪ್ಪನಿಗೆ ಸುದ್ದಿ ಮುಟ್ಟಿ, ನಾನು ಬಸ್ಸಿಗೆ ಕಾಯುತ್ತಿದ್ದ ಜಾಗಕ್ಕೇ ಬಂದರು. ಚೆನ್ನಾಗಿ ಬರುತ್ತಿದ್ದುದನ್ನು ಯಾಕೆ ಕೆಡಿಸಿದೆ ಎಂದು ಕೇಳಿದರು. ಅದು ಯಾರ ಜೇಬಿನಿಂದ ಬರುತ್ತಿತ್ತು ಎಂದು ನಾನು ಕೇಳಿದೆ.

"ಎಲ್ಲಾರ್ಗೂ ಒಂದೇ ರೂಪಾಯಿ. ಅದೇ ನ್ಯಾಯ ಅಂತ ನೀನೇ ಯೋಳ್ದಲ್ಲವ್ವ."

ಹೌದು, ನಾನೇ ಹೇಳಿದ್ದೆ, ಇದೇ ಮಾತುಗಳಲ್ಲಿ ಹೇಳಿದ್ದೆ. ಹೇಳಿದ್ದು ತಪ್ಪು ದೊಡ್ಡಪ್ಪ ಎಂದೆ. ಅವರು ಟವಲು ಕೊಡವಿಕೊಂಡು ಹೋದರು. ಡಬ್ಬದಲ್ಲಿ ಅಕ್ಕನದೆಂದು ಗೊತ್ತಾದದ್ದನ್ನೆಲ್ಲ ಅಕ್ಕನಿಗೆ ಹಿಂದಿರುಗಿಸಿದ ಮೇಲೆ ವ್ಯಾನಿನ ಪಾಲಿಗೆ ಉಳಿದದ್ದು ಅಷ್ಟಕ್ಕಷ್ಟೆ. ಹಳೆಯ ವಂತಿಗೆಯೂ ಇಲ್ಲ, ಹೊಸ ತೆರಿಗೆಯೂ ಇಲ್ಲ. ಎರಡನ್ನೂ ಕೆಡಿಸಿದ ಕೀರ್ತಿ ನನ್ನದು.

ಅದರ ಫಲ ಬೇಗ ಸಿಕ್ಕಿತು. ಸಂಬಳ ಬಾಕಿ ನಿಂತಿದ್ದರಿಂದ ಡ್ರೈವರು ಒಂದು ವಾರ ಬೇರೆ ಕಡೆ ಟ್ರಾಕ್ಟರು ಓಡಿಸಲು ಹೋದ. ಅವನನ್ನು ಬೈಯುವಂತಿರಲಿಲ್ಲ, ಅವನಿಗೂ ಹೆಂಡತಿ ಮಕ್ಕಳಿದ್ದಾರೆ. ಅಕ್ಕ ಬಸ್ಸಿನಲ್ಲೇ ಮಂಡ್ಯಕ್ಕೆ ಬಂದಳು. ಡಯಾಲಿಸಿಸ್ ಮುಗಿಸಿ ವಾಪಸ್ಸು ಹೊರಟವಳು ಬಸ್ ನಿಲ್ದಾಣದಲ್ಲಿ ಕುಸಿದು ಕೂತಳಂತೆ. ಯಾರೋ ಪುಣ್ಯಾತ್ಮರು ಅವಳ ಫೋನಿನಿಂದ ನನಗೆ ಕರೆ ಮಾಡಿದರು. ಆಟೋದಲ್ಲಿ ಕರೆತಂದು ನನ್ನ ಕಚೇರಿಯ ಬೆಂಚಿನ ಮೇಲೆ ಮಲಗಿಸಿದೆ. ಮುಖ ಬಿಳಿಚಿ ಹೋಗಿತ್ತು, ಕೈ ತಣ್ಣಗಿತ್ತು. ಆಸ್ಪತ್ರೆಗೆ ಫೋನು ಮಾಡಿ ಕೇಳಿದೆ. ಕಾಲು ಎತ್ತರದಲ್ಲಿಟ್ಟು ಮಲಗಿಸಿ, ಸರಿಹೋಗದಿದ್ದರೆ ತಕ್ಷಣ ಕರೆತನ್ನಿ ಎಂದರು. ಕಾಲ ಕೆಳಗೆ ಹಳೆಯ ಕಡತಗಳ ಕಟ್ಟು ಇಟ್ಟೆ. ನನಗೆ ಭಯವಾಗಿತ್ತು. ಇವಳಿಗೆ ಏನಾದರೂ ಆದರೆ ಅದಕ್ಕೆ ಕಾರಣ ನಾನೇ, ನನ್ನ ವಾದವೇ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಅವಳು ಕಣ್ಣು ಬಿಟ್ಟು, ನಿನ್ನ ಗಿರಾಕಿಗಳು ಬಂದರೆ ಎಲ್ಲಿ ಕೂರುತ್ತಾರೆ ಎಂದು ಕೇಳಿದಳು.

ಅವಳು ಮಲಗಿದ್ದಾಗ ಕೈ ಸುಮ್ಮನಿರಲಾರದೆ, ಬಾಕಿಯಿದ್ದ ಒಂದು ಆದಾಯ ತೆರಿಗೆ ರಿಟರ್ನ್ ಅರ್ಜಿಯನ್ನು ಕಂಪ್ಯೂಟರಿನಲ್ಲಿ ತೆರೆದು ಕೂತಿದ್ದೆ. ಸಂಬಳ, ಮನೆ ಬಾಡಿಗೆ, ವ್ಯಾಪಾರ, ಇತರೆ. ಈ ಬಾಬ್ತುಗಳನ್ನು ದಿನಾ ನೋಡುತ್ತೇನೆ, ಯಾವತ್ತೂ ಅವುಗಳ ಬಗ್ಗೆ ಯೋಚಿಸಿದವಳಲ್ಲ. ಅರ್ಜಿ ಮೊದಲು ಎಷ್ಟು ಎಂದು ಕೇಳುವುದಿಲ್ಲ, ಎಲ್ಲಿಂದ ಎಂದು ಕೇಳುತ್ತದೆ. ಎಷ್ಟು ಎಂಬುದರಲ್ಲಿ ಜನ ಸುಳ್ಳು ಹೇಳುತ್ತಾರೆ. ಹಳ್ಳಿಯಲ್ಲಿ ಎಲ್ಲಿಂದ ಎಂಬುದರಲ್ಲಿ ಸುಳ್ಳು ಹೇಳುವುದು ಹೇಗೆ? ಕಬ್ಬಿನ ಲಾರಿ ಯಾರ ಗದ್ದೆಯಿಂದ ಹೋಯಿತು, ಡೈರಿಗೆ ಯಾರು ಹಾಲು ಹಾಕಿದರು, ಯಾರ ಟ್ರಾಕ್ಟರು ಬಾಡಿಗೆಗೆ ಓಡುತ್ತದೆ, ಯಾರಿಗೆ ಸಂಬಳ, ಯಾರಿಗೆ ಪಿಂಚಣಿ, ಎಲ್ಲವೂ ಊರಿಗೇ ಗೊತ್ತು.

ತೀರ್ಮಾನ ಅಲ್ಲೇ ಮಾಡಿದೆ. ಎಕರೆಯೂ ಬೇಡ, ಪಹಣಿಯೂ ಬೇಡ. ಬೇರೆ ಒಲೆ ಹಚ್ಚಿದವರೆಲ್ಲ ಒಂದೊಂದು ಒಕ್ಕಲು. ಆ ಒಕ್ಕಲಿಗೆ ದುಡ್ಡು ಬರುವ ದಾರಿ ಎಷ್ಟಿದೆಯೋ ಅಷ್ಟು ಪಾಲು. ಭತ್ತ ಒಂದು ದಾರಿ, ಕಬ್ಬು ಒಂದು, ಹಾಲು ಒಂದು, ಸಂಬಳ ಒಂದು, ಬಾಡಿಗೆ ಒಂದು. ಸಂಬಳದ ದಾರಿ ಅಗಲ, ಹಾಲಿನ ದಾರಿ ಕಿರಿದು, ಪಾಲು ಮಾತ್ರ ಒಂದೇ ಎಂಬ ತಕರಾರು ಬರುತ್ತದೆಂದು ಗೊತ್ತಿತ್ತು. ಬರಲಿ ಎಂದುಕೊಂಡೆ. ಕೂಲಿಯೊಂದೇ ಇದ್ದವರಿಗೆ ಏನೂ ಇಲ್ಲ. ಪ್ರತಿ ಮನೆಯವರೂ ಎಲ್ಲರ ಎದುರಿಗೆ ತಾವೇ ಹೇಳಬೇಕು. ನಾನು ವರ್ಷಗಟ್ಟಲೆ ಬೈದ ತೆರಿಗೆಯನ್ನೇ ಊರಿಗೆ ತರಲು ಹೊರಟಿದ್ದೆ. ಮದ್ದೂರಿನ ಎಳನೀರು ವ್ಯಾಪಾರಿಗೆ ಇದು ಗೊತ್ತಾದರೆ ನನ್ನ ಗತಿ ಏನು ಎಂದು ಆ ಗಾಬರಿಯಲ್ಲೂ ಅನ್ನಿಸಿತು.

ಮೇಷ್ಟ್ರಿಗೆ ಫೋನು ಮಾಡಿ ಹೇಳಿದೆ. ದೊಡ್ಡಪ್ಪ ಬಾಯಿ ಬಿಟ್ಟು ಹೇಳಿದರೆ ನಾನೂ ಹೇಳುತ್ತೇನೆ ಎಂದರು. ಸಭೆಯನ್ನು ದೇವಸ್ಥಾನದ ಕಟ್ಟೆಯ ಬದಲು ಶಾಲೆಯ ಅಂಗಳದಲ್ಲಿ ಕರೆಯೋಣ, ಅಲ್ಲಾದರೆ ಎಲ್ಲ ಕೇರಿಯವರೂ ಒಂದೇ ನೆಲದ ಮೇಲೆ ಕೂರುತ್ತಾರೆ ಎಂದೂ ಹೇಳಿದರು. ನಾನು ಹಾಗೇ ಆಗಲಿ ಎಂದೆ.

ದೊಡ್ಡಪ್ಪನನ್ನು ಒಪ್ಪಿಸಲು ಮಾತ್ರ ಎರಡು ಸಲ ಹೋಗಬೇಕಾಯಿತು. ಮೊದಲ ಸಲ ಮನೆಯಲ್ಲಿಲ್ಲ ಎಂದು ಹೇಳಿಸಿದರು, ಕೆಮ್ಮು ಒಳಗಿನಿಂದ ಕೇಳುತ್ತಿತ್ತು. ಎರಡನೆಯ ಸಲ ಅಕ್ಕ ನನ್ನ ಬೆಂಚಿನ ಮೇಲೆ ಮಲಗಿದ್ದ ಕಥೆ ಹೇಳಿದೆ. ಅವರು ಸಭೆಗೆ ಬರುತ್ತೇನೆ ಎಂದರು. ಅಷ್ಟೇ ಹೇಳಿದರು.

ಆಯುಧಪೂಜೆ ಕಳೆದ ಭಾನುವಾರ ಶಾಲೆಯ ಅಂಗಳ ತುಂಬಿತ್ತು. ನಾನು ನಿಯಮ ಹೇಳಿದೆ. ಗೊಣಗಾಟ ಎದ್ದಿತು. ನಮ್ಮ ಮನೆ ಒಳಗಿನದನ್ನು ಬೀದಿಗೆ ಯಾಕೆ ತರಬೇಕು ಎಂದು ಒಂದು ಕಡೆಯಿಂದ, ಮೊದಲು ದೊಡ್ಡ ಒಕ್ಕಲಿನವರು ಹೇಳಲಿ ಎಂದು ಇನ್ನೊಂದು ಕಡೆಯಿಂದ. ಎಲ್ಲರ ಕಣ್ಣೂ ದೊಡ್ಡಪ್ಪನ ಮೇಲೆ ಹೋಯಿತು.

ಅವರು ಎದ್ದು ನಿಂತು, ಭತ್ತ, ಕಬ್ಬು, ಹಾಲು, ಮೂರು ದಾರಿ ಎಂದರು.

ಇಲ್ಲಿ ಒಂದು ವಿಷಯ ಹೇಳಬೇಕು. ದೊಡ್ಡಪ್ಪ ನನ್ನ ಕಕ್ಷಿದಾರರು. ಮಂಡ್ಯದಲ್ಲಿ ಅವರ ಎರಡು ಮನೆಗಳು ಬಾಡಿಗೆಗಿವೆ, ಆ ಬಾಡಿಗೆಯ ತೆರಿಗೆ ಅರ್ಜಿಯನ್ನು ಪ್ರತಿವರ್ಷ ಸಲ್ಲಿಸುವವಳು ನಾನು. ಅವರೇ ಆಮೇಲೆ ಊರ ಮುಂದೆ ಹೇಳಿಕೊಂಡಿದ್ದರಿಂದ ಈಗ ಬರೆಯುತ್ತಿದ್ದೇನೆ. ಆ ಗಳಿಗೆಯಲ್ಲಿ ಊರಿನಲ್ಲಿ ಅದು ಗೊತ್ತಿದ್ದದ್ದು ಅವರ ಮನೆಯವರಿಗೆ ಮತ್ತು ನನಗೆ ಮಾತ್ರ. ಹಳ್ಳಿಯಲ್ಲಿ ಎಲ್ಲವೂ ಎಲ್ಲರಿಗೂ ಗೊತ್ತು ಎಂಬ ನನ್ನ ಲೆಕ್ಕದಲ್ಲಿ ಇದ್ದ ತೂತು ಅದು. ನಾನು ಬಾಯಿ ಬಿಟ್ಟರೆ ಸಭೆ ನನ್ನ ಕಡೆ ವಾಲುತ್ತಿತ್ತೇನೋ. ಆದರೆ ಕಚೇರಿಯ ಬಾಗಿಲೊಳಗೆ ಬಂದ ಲೆಕ್ಕವನ್ನು ಹೊರಗೆ ಆಡುವವಳ ಹತ್ತಿರ ನಾಳೆ ಯಾರೂ ಬರುವುದಿಲ್ಲ, ಬರಬೇಕಾದ್ದೂ ಇಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಈ ಹೊಸ ವಂತಿಗೆ ಮೊದಲ ಮನೆಯಲ್ಲೇ ಸುಳ್ಳಿನಿಂದ ಶುರುವಾಗುತ್ತಿತ್ತು. ಅಕ್ಕ ಅಂಗಳದ ಗೋಡೆಗೆ ಒರಗಿ ಕೂತಿದ್ದಳು. ನಾನು ಅವಳನ್ನು ನೋಡಿದೆ, ದೊಡ್ಡಪ್ಪನನ್ನು ನೋಡಿದೆ. ಮೂರು ಎಂದು ಬರೆದುಕೊಂಡೆ. ಇನ್ನೇನಾದರೂ ಇದೆಯೇ ಎಂದು ಕೇಳಲಿಲ್ಲ. ಹಾಗೆ ಕೇಳಿದರೂ ಅದು ಹೇಳಿದಂತೆಯೇ.

ದೊಡ್ಡಪ್ಪ ಕೂರಲಿಲ್ಲ. ನನ್ನ ಪೆನ್ನನ್ನೇ ನೋಡುತ್ತ ನಿಂತಿದ್ದರು. ನಾನು ತಲೆ ಎತ್ತಲಿಲ್ಲ. ಯಾರೋ ಮುಂದಿನವರು ಹೇಳ್ರಪ್ಪ ಎಂದರು.

"ತಡಿರ್ಲಾ," ಎಂದರು ದೊಡ್ಡಪ್ಪ. "ಮಂಡ್ಯದಲ್ಲಿ ಎರಡು ಮನೆ ಬಾಡಿಗೆಗೆ ಬುಟ್ಟಿವ್ನಿ. ನಾಕು ಅಂತ ಬರ್ಕೊ ಕಣವ್ವ."

ಹಿಂದಿನಿಂದ ಯಾರೋ, ಎರಡು ಮನೆ ಅಂದಮೇಲೆ ಐದಲ್ವಾ ಎಂದ, ಅಂಗಳವೆಲ್ಲ ನಕ್ಕಿತು, ದೊಡ್ಡಪ್ಪನೂ ನಕ್ಕರು. ಬಾಡಿಗೆ ಎಂದರೆ ಒಂದೇ ದಾರಿ ಎಂದು ನಾನು ತೀರ್ಪು ಕೊಟ್ಟೆ. ಮೂರನ್ನು ಹೊಡೆದುಹಾಕಿ ನಾಲ್ಕು ಎಂದು ಬರೆದುಕೊಂಡೆ. ಮೇಷ್ಟ್ರು ಎದ್ದು, ತಮ್ಮ ಸಂಬಳ ಒಂದು, ಹೆಂಡತಿಯ ಹೊಲಿಗೆ ಒಂದು, ಎರಡು ದಾರಿ ಎಂದರು. ಅದಾದ ಮೇಲೆ ನನಗೆ ಬರೆದು ಪೂರೈಸುವುದೇ ಕಷ್ಟವಾಯಿತು. ಟ್ರಾಕ್ಟರಿನವನು ಟ್ರಾಕ್ಟರು ಹೇಳಲು ಮರೆತಾಗ ಅವನ ತಮ್ಮನೇ ನೆನಪಿಸಿದ. ಒಬ್ಬ ಮುದುಕಪ್ಪ ತನಗೆ ವೃದ್ಧಾಪ್ಯ ವೇತನ ಬರುತ್ತದೆ, ಅದೂ ದಾರಿಯೇ ಎಂದು ವಾದಿಸಿದ. ಅದನ್ನು ಬಿಡಿಸಲು ನಾವು ನಾಲ್ಕು ಜನ ಅವನ ಜೊತೆ ಜಗಳವಾಡಬೇಕಾಯಿತು.

ಕಾಯಿಲೆಯವಳೆಂದು ಅಕ್ಕನನ್ನು ನಾನೇ ಬಿಟ್ಟು ಮುಂದೆ ಹೋಗಿದ್ದೆ. ಅವಳು ಗೋಡೆ ಹಿಡಿದು ಎದ್ದು ನಿಂತು, ಅಂಗಡಿ ಒಂದು ದಾರಿ ಅಲ್ಲವೇ ಎಂದು ಕೇಳಿದಳು. ನಿನಗೆ ಬೇಡ ಬಿಡಕ್ಕ ಎಂದೆ. ಅವಳು ಕೂರಲಿಲ್ಲ, ದೊಡ್ಡಪ್ಪ ನಿಂತು ನೋಡಿದ ಹಾಗೆಯೇ ಅವಳೂ ನನ್ನನ್ನು ನಿಂತು ನೋಡಿದಳು. ಒಂದು ಎಂದು ಬರೆದುಕೊಂಡೆ.

ಸಭೆ ಮುಗಿದ ಮೇಲೆ ದೊಡ್ಡಪ್ಪನನ್ನು ಒಬ್ಬರೇ ಸಿಕ್ಕಾಗ ಕೇಳಿದೆ, ನಾನು ಹೇಳಿಬಿಡುತ್ತೇನೆಂದು ಭಯವಾಯಿತೇ ಎಂದು.

"ಇಲ್ಲ ಕಣವ್ವ. ನೀನು ಯೋಳಾಕಿಲ್ಲ ಅಂತ ಗೊತ್ತಾಯ್ತು. ಅದುಕ್ಕೇ ನಾನು ಯೋಳ್ದೆ."

ದೀಪಾವಳಿಗೆ ಮೊದಲೇ ವಿಮೆ ಕಟ್ಟಿದೆವು, ಯೋಗ್ಯತಾಪತ್ರವೂ ಆಯಿತು, ಡ್ರೈವರು ವಾಪಸ್ಸು ಬಂದ. ಎಲ್ಲರೂ ಕೊಟ್ಟರೆಂದಲ್ಲ. ಬೈಕಿನಲ್ಲಿ ಕಿರುಗಾವಲಿಗೆ ಹೋಗುತ್ತಿದ್ದವನು ಇವತ್ತಿಗೂ ಸತಾಯಿಸಿಯೇ ಕೊಡುತ್ತಾನೆ. ಪಾಲಿನ ಅಗಲ ಕಿರಿದರ ತಕರಾರು ಬಂದಿದೆ, ಮೇಷ್ಟ್ರೇ ಎತ್ತಿದ್ದಾರೆ, ಯುಗಾದಿಗೆ ಕೂತು ಬಗೆಹರಿಸಬೇಕು. ದೇಶಕ್ಕೆ ಯಾವ ತೆರಿಗೆ ಒಳ್ಳೆಯದು ಎಂದು ಈಗ ಯಾರಾದರೂ ಕೇಳಿದರೆ, ಕೇಳಿದವರ ಮನೆಯಲ್ಲಿ ಕೊಂಡು ತಿನ್ನುವುದೆಷ್ಟು, ಬೆಳೆದು ತಿನ್ನುವುದೆಷ್ಟು ಎಂದು ಮೊದಲು ವಿಚಾರಿಸುತ್ತೇನೆ. ಆದಾಯ ತೆರಿಗೆಯ ಗಡುವು ಬಂದಾಗ ಅದನ್ನು ಬೈಯುವುದನ್ನಂತೂ ಬಿಟ್ಟಿಲ್ಲ.

ವ್ಯಾನು ಮತ್ತೆ ಓಡಿದ ಮೊದಲ ದಿನ ನಾನು ಆಸ್ಪತ್ರೆಯ ಹತ್ತಿರ ಹೋಗಿದ್ದೆ. ಅಕ್ಕ ಒಳಗಿನಿಂದ ನಿಧಾನಕ್ಕೆ ಬಂದು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿದಳು. ಅವಳ ತಲೆಗೆ ದಿಂಬು ಸರಿಮಾಡಿ ಬಾಗಿಲು ಹಾಕುತ್ತಿದ್ದೆ. ಇಷ್ಟು ದಿನ ಆ ಗಾಡಿಯಲ್ಲಿ ಅವಳು ಕಿಟಕಿ ಮುಚ್ಚು ಎಂದೂ ಕೇಳಿದವಳಲ್ಲ, ಬೇರೆಯವರ ಹಂಗಿನಲ್ಲಿ ಹೋಗುತ್ತಿದ್ದೇನೆ ಎಂಬ ಸಂಕೋಚ ಅವಳದು ಎಂದು ಡ್ರೈವರು ನನಗೆ ಹೇಳಿದ್ದ. ಆವತ್ತು ಮಲಗಿದಲ್ಲಿಂದಲೇ ಅವನನ್ನು ಕೂಗಿದಳು.

"ಓಗೋ ದಾರೀಲಿ ಮಂಡಿ ತಾವ ನಿಲ್ಸಪ್ಪ. ಈರುಳ್ಳಿ ಬೇಳೆ ಆಕ್ಸ್ಕೊಂಡು ಓಗ್ಬೇಕು, ಅಂಗ್ಡಿ ಬಣಬಣ ಅಂತದೆ. ನಂದೂ ಒಂದು ಪಾಲು ಐತೆ ಇದ್ರಾಗೆ."

ಡ್ರೈವರು ಆಯ್ತಕ್ಕ ಎಂದು ಗಾಡಿ ಚಾಲೂ ಮಾಡಿದ. ನಾನು ರಸ್ತೆ ಪಕ್ಕ ನಿಂತು, ಜನ ನೋಡುತ್ತಿದ್ದಾರೆ ಎಂಬುದನ್ನೂ ಮರೆತು, ಸೆರಗಿನಿಂದ ಕಣ್ಣೊರೆಸಿಕೊಂಡೆ.